ನಡುಮನೆಯಲ್ಲಿ ಓದಿದ ವರದಿ

ಚನ್ನರಾಯಪಟ್ಟಣ
ಗುರುವಾರ, ೧೪ ನವೆಂಬರ್ ೨೦೨೪

ಸೊಸೆ ಚಿ. ಸೌ. ಮೇಘಶ್ರೀಗೆ, ನಿನ್ನ ಮಾವನ ಆಶೀರ್ವಾದಗಳು.

ಕಾಲಿನ ಬಾವು ಇಳಿಯಿತೆ? ಕಬ್ಬಿಣಾಂಶದ ಮಾತ್ರೆಯನ್ನು ಊಟವಾದ ಮೇಲೆ ತಪ್ಪದೆ ತೆಗೆದುಕೊಳ್ಳುತ್ತಿರುವೆಯಾ? ಅರಕಲಗೂಡಿನಲ್ಲಿ ಬೆಳಗಿನ ಚಳಿ ಹೆಚ್ಚು. ತಣ್ಣೀರಿಗೆ ಕೈ ಹಾಕಬೇಡ. ಇಲ್ಲಿ ನಾವು ಇದ್ದೇವೆ. ‘ಕ್ಷೇಮ’ ಎಂದು ಬರೆಯುವುದು ವಾಡಿಕೆ, ಆದರೆ ಆ ಪದ ಈ ಸಲ ಸರಿಯಾಗದು. ನಿನ್ನ ಗಂಡ ಮೋಹನ್‌ಕುಮಾರ್ ಕೆಲಸಕ್ಕೆ ಹೋಗಿ ಬರುತ್ತಾನೆ. ಮೊನ್ನೆ ನಿನ್ನ ಅತ್ತೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳಂತೆ. ಮೂವರೂ ಉಂಡು ಎದ್ದೆವು. ಸಂಜೆ ಪಾತ್ರೆ ತೊಳೆಯುವಾಗ ನಾಲಿಗೆಗೆ ತಗುಲಿಸಿ ನೋಡಿ, ಅವಳೇ ಹೇಳಿದಳು. ನಿನಗೆ ನಾಲ್ಕು ಸಲ ಫೋನು ಮಾಡಿದೆ. ನೀನು ಎತ್ತಲಿಲ್ಲ, ಎತ್ತಬೇಕಾದ ಕಾರಣವೂ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಮನೆಯ ಒಂದು ಪದ್ಧತಿ ನಿನಗೆ ಗೊತ್ತು. ಮನೆಗೆ ಬಂದ ಕಾಗದ ಯಾವುದೇ ಆಗಲಿ, ಪಹಣಿಯಾಗಲಿ, ಲಗ್ನಪತ್ರಿಕೆಯಾಗಲಿ, ನಡುಮನೆಯಲ್ಲಿ ಎಲ್ಲರ ಮುಂದೆ ನಾನು ಗಟ್ಟಿಯಾಗಿ ಓದಬೇಕು. ನನ್ನ ತಂದೆಗೆ ಅಕ್ಷರ ಬಾರದು. ನಾಲ್ಕನೆಯ ತರಗತಿಯಿಂದ ಅವರಿಗೆ ಓದಿ ಹೇಳುತ್ತಿದ್ದೆ. ಅದೇ ಉಳಿದುಕೊಂಡಿತು. ನಿನ್ನ ಹೊಟ್ಟೆಯಲ್ಲಿ ಐದು ತಿಂಗಳು ತುಂಬಿ ಹೋದ ಕೂಸನ್ನು ತೆಂಗಿನ ತೋಟದ ಅಂಚಿನಲ್ಲಿ ಮಣ್ಣು ಮಾಡಿ ಹದಿಮೂರು ದಿನವಾಗಿತ್ತು. ಕಳೆದುಕೊಂಡದ್ದರಲ್ಲಿ ಅದು ಮೂರನೆಯದು. ಮಾತನಾಡಿಸಲು ಬಂದವರು ಒಂಬತ್ತು ಜನ ಕುಳಿತಿದ್ದರು. ಆಗ ನಿನ್ನ ರಕ್ತಪರೀಕ್ಷೆಯ ವರದಿ ಬಂತು. ‘ಓದಪ್ಪ, ನಮ್ಗೂ ಕೇಳ್ಲಿ’ ಎಂದಳು ನನ್ನ ಅಕ್ಕ ಪುಟ್ಟತಾಯಮ್ಮ. ನಾನು ಕನ್ನಡಕ ಹಾಕಿಕೊಂಡು ಓದಿದೆ. ನಿನ್ನ ಖಾಸಗಿ ಕಾಗದವೆಂಬುದು ಹೊಳೆಯಲೇ ಇಲ್ಲ. ‘ನ್ಯಾಚುರಲ್ ಕಿಲ್ಲರ್ ಸೆಲ್ಸ್, ಪ್ರಮಾಣ ಹೆಚ್ಚು’ ಎಂದಿತ್ತು. ‘ಅಂಗಂದ್ರೇನು?’ ಎಂದಳು. ನನಗೆ ತಿಳಿದಿರಲಿಲ್ಲ. ಮೂವತ್ತಾರು ವರ್ಷ ತರಗತಿಯಲ್ಲಿ ‘ಗೊತ್ತಿಲ್ಲ’ ಎಂದು ಹೇಳಿದವನಲ್ಲ, ಅಂದೂ ಹೇಳಲಿಲ್ಲ. ಮೈಯೊಳಗಿನ ಕೊಲ್ಲುವ ಜೀವಕೋಶಗಳು, ಗರ್ಭವನ್ನು ಪರಕೀಯವೆಂದು ತಿಳಿದು ಅವೇ ಕೊಂದಿರಬೇಕು, ಎಂದು ವಿವರಿಸಿದೆ. ‘ಅಂಗಾರೆ ತಾಯೊಟ್ಟೇನೇ ಮಗೀನ ತಿಂದ್ಬುಡ್ತು ಅನ್ನು’ ಎಂದಳು. ನಾನು ತಿದ್ದಲಿಲ್ಲ. ನೀನು ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಎಲ್ಲರಿಗೂ ಲೋಟ ಕೊಟ್ಟೆ. ಮರುದಿನ ನಿನ್ನ ಅಣ್ಣ ನಂಜುಂಡೇಶನ ಜೊತೆ ತವರಿಗೆ ಹೊರಟುಹೋದೆ.

ನಿನ್ನೆ ವರದಿಯನ್ನು ತೆಗೆದುಕೊಂಡು ಹಾಸನಕ್ಕೆ ಹೋಗಿದ್ದೆ. ಹೊಳೆನರಸೀಪುರದಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದ ಶೋಭಿತಾ ಈಗ ಅಲ್ಲಿ ಹೆರಿಗೆಯ ವೈದ್ಯೆ. ನಿನ್ನನ್ನು ಕೇಳದೆ ತೋರಿಸಿದ್ದು ಇನ್ನೊಂದು ತಪ್ಪು. ಅವಳು ನೋಡಿ, ‘ಮೇಷ್ಟ್ರೇ, ಇದು ತೋಳಿನ ರಕ್ತ. ಇದನ್ನ ನೋಡಿ ಗರ್ಭಕೋಶದ ಸುದ್ದಿ ಹೇಳೋದು, ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್‌ನಲ್ಲಿ ನಿಂತ್ಕೊಂಡು ಅರಕಲಗೂಡಲ್ಲಿ ಮಳೆ ಬಂತು ಅಂದಂಗೆ’ ಎಂದಳು. ಗರ್ಭಕೋಶದ ಒಳಪದರದಲ್ಲಿ ಇದೇ ಕುಲದ, ಆದರೆ ಬೇರೆ ಸ್ವಭಾವದ ಕೋಶಗಳಿವೆಯಂತೆ. ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಅಲ್ಲಿನ ರಕ್ಷಣಾಕೋಶಗಳಲ್ಲಿ ಅವೇ ಹೆಚ್ಚಂತೆ. ಅವು ಕೂಸನ್ನು ಕೊಲ್ಲುವುದಿಲ್ಲ. ತಾಯಿಯ ಕಿರಿದಾದ ರಕ್ತನಾಳಗಳನ್ನು ಅಗಲಗೊಳಿಸಿ, ಕೂಸನ್ನು ಪೋಷಿಸುವ ಮಾಸಿಗೆ ರಕ್ತ ಸರಾಗವಾಗಿ ಹರಿಯಲು ನೆರವಾಗುತ್ತವೆ. ‘ನಾಲೇಲಿ ನೀರುಗಂಟಿ ಇರ್ತಾನಲ್ಲ ಸಾ, ಕೊನೇ ಗದ್ದೇಗೂ ನೀರು ಬಿಡೋನು, ಅಂಗೆ. ಸೊಂಟದಲ್ಲಿ ಕುಡುಗೋಲಿದೆ ಅಂತ ಅವನನ್ನ ಕೊಲೆಗಾರ ಅಂತೀರಾ?’ ಎಂದಳು. ಹಾಗಾದರೆ ಮೂರೂ ಏಕೆ ಉಳಿಯಲಿಲ್ಲವೆಂದು ಕೇಳಿದೆ. ‘ಗೊತ್ತಿಲ್ಲ ಸಾ. ಇನ್ನೂ ಬೇರೆ ಪರೀಕ್ಷೆಗಳಿವೆ. ಅವನ್ನೆಲ್ಲ ಮಾಡಿದ್ರೂ ಎಷ್ಟೋ ಸಲ ಕಾರಣ ಸಿಗಲ್ಲ’ ಎಂದಳು. ಎಷ್ಟು ಸಲೀಸಾಗಿ ಹೇಳಿದಳು! ಆ ಕೋಶಗಳನ್ನು ಅಡಗಿಸುವ ಚುಚ್ಚುಮದ್ದು ಕೊಡುತ್ತೇವೆಂದು ಯಾರಾದರೂ ಹೇಳಿದರೆ, ಒಪ್ಪುವ ಮೊದಲು ತನ್ನನ್ನು ಒಮ್ಮೆ ಕೇಳಬೇಕಂತೆ. ಅದರಿಂದ ಪ್ರಯೋಜನವೆಂಬುದು ಇನ್ನೂ ಸಾಬೀತಾಗಿಲ್ಲವಂತೆ. ಅವಳ ಫೋನ್ ಸಂಖ್ಯೆಯನ್ನು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ.

ಸಂಜೆ ಅದೇ ನಡುಮನೆಗೆ ಅಕ್ಕನನ್ನೂ ಅವಳ ಮಗ ಕಾಂತರಾಜುವನ್ನೂ ಕರೆಸಿ, ನಾನು ತಿಳಿಯದೆ ಹೇಳಿದ್ದೆ, ಅದು ಸುಳ್ಳು ಎಂದೆ. ‘ಅವತ್ತು ಓದ್ದೋನೂ ನೀನೆ, ಇವತ್ತು ಸುಳ್ಳು ಅನ್ನೋನೂ ನೀನೆ. ಯಾವ್ದ ನಂಬಾನ ಮೇಷ್ಟ್ರೇ?’ ಎಂದು ಅಕ್ಕ ನಕ್ಕಳು. ಉಳಿದ ಏಳು ಜನರ ಮನೆಗೆ ಇಂದು ಬೆಳಗ್ಗೆ ನಡೆದುಹೋಗಿ ಹೇಳಿ ಬಂದೆ. ಕೆಲವರು ತಲೆಯಾಡಿಸಿದರು. ಒಬ್ಬರು ಮಜ್ಜಿಗೆ ಕೊಟ್ಟರು. ನನಗೆ ದುಃಖವೆನ್ನುವುದು ಸರಿಯಾಗಿ ಬರುತ್ತಿಲ್ಲ, ಮಗಳೇ. ಕೂಸಿಗೆ ಮಣ್ಣು ಹಾಕಿದ ದಿನವೂ ಬರಲಿಲ್ಲ. ಕ್ಷಮಿಸು ಎಂದು ಬರೆದರೆ ನೀನು ಕ್ಷಮಿಸಲೇಬೇಕಾದ ಕಷ್ಟಕ್ಕೆ ಬೀಳುವೆ, ಅದಕ್ಕೆ ಬರೆಯುವುದಿಲ್ಲ. ನೀನು ಏನನ್ನೂ ಕೊಂದಿಲ್ಲ. ಇದನ್ನು ಓದಿ ತಿಳಿದು, ಕೇಳಿ ತಿಳಿದು ಬರೆಯುತ್ತಿದ್ದೇನೆ.

ಭಾನುವಾರ ಹಿರಿಯರು ನಿಮ್ಮ ಮನೆಗೆ ಮಾತಿಗೆ ಬರುವರೆಂಬುದು ನಿನಗೆ ತಿಳಿದಿದೆ. ನಾನೂ ಬರುತ್ತೇನೆ; ಅವರ ಸಾಲಿನಲ್ಲಿ ಕೂರುವುದಿಲ್ಲ. ನಿನ್ನ ತಂದೆತಾಯಿಗಳಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ದೇಹ ಬಲವಾಗಲಿ, ನಿದ್ದೆ ಬರಲಿ.

ಇಂತು,
ನಿನ್ನ ಮಾವ
ತಿಮ್ಮಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಿರಲಿಲ್ಲ. ಬಸ್ಸು ಹೊರಡುತ್ತಿದೆ, ಕಂಡಕ್ಟರ್ ಬಸವರಾಜು ಪಕ್ಕದಲ್ಲೇ ನಿಂತಿದ್ದಾನೆ, ಅವನ ಕೈಯಲ್ಲೇ ಕಳುಹಿಸುತ್ತೇನೆ. ಭಾನುವಾರ ಕಾಂತರಾಜು ಮದುವೆಯ ಬಿಡುಗಡೆ ಪತ್ರ ತರುತ್ತಾನೆ. ಊರಿನ ಕಾಗದಗಳನ್ನೆಲ್ಲ ಬರೆಯುವಂತೆ ಅದನ್ನೂ ಸೋಮವಾರ ನಾನೇ ಬರೆದುಕೊಟ್ಟೆ. ‘ನನ್ನ ದೇಹದ ದೋಷದಿಂದ ಗರ್ಭ ನಿಲ್ಲದ ಕಾರಣ, ಸ್ವಇಚ್ಛೆಯಿಂದ’ ಎಂದು ನೀನೇ ಹೇಳಿದಂತೆ ಬರೆದವನು ನಾನು. ನಿನ್ನೆ ಹಿಂದಕ್ಕೆ ಕೇಳಿದೆ, ಕಾಂತರಾಜು ಕೊಡಲಿಲ್ಲ. ಮೋಹನ ‘ಅವಳು ರುಜು ಹಾಕಿದರೆ ನಾನೂ ಹಾಕುತ್ತೇನೆ’ ಎನ್ನುತ್ತಾನೆ. ಬಿಡುವುದೋ ಇರುವುದೋ ನಿನ್ನ ಇಚ್ಛೆ. ಆ ಕಾಗದಕ್ಕೆ ಮಾತ್ರ ರುಜು ಹಾಕಬೇಡ.