ಹೊಸ್ತಿಲಿಗೆ ಮೊಳೆ

ಅಕ್ಟೋಬರ್ ೬, ೧೯೫೬. ಮಧ್ಯಾಹ್ನ

ಅಪ್ಪ ನೇಯ್ದ ಸೀರೆಗಳನ್ನು ಹೊತ್ತು ಗದಗಿನ ಪೇಟೆಗೆ. ಅವ್ವ ನೀರಿಗೆ. ಮಗ್ಗದ ಕುಣಿಯಿಂದ ಎದ್ದೆ, ಬಾಗಿಲು ಹಾಕಿದೆ, ಟ್ರಂಕು ತೆಗೆದೆ. ಗದಿಗೆವ್ವ ಅಕ್ಕನ ಹಸಿರು ಸೀರೆ. ಅಕ್ಕ ಬೇಸಗೆಯಲ್ಲಿ ವಿಷಮಜ್ವರದಲ್ಲಿ ಹೋದಳು. ಅವಳ ಸೀರೆಗಳನ್ನು ಅವ್ವ ಯಾರಿಗೂ ಕೊಟ್ಟಿಲ್ಲ.

ನೆರಿಗೆ ಹಿಡಿಯುವುದು ಈಗ ಕೈಗೆ ಬಂದಿದೆ. ಬೆಟಗೇರಿಗೆಲ್ಲ ನಾನು ಅಂದಪ್ಪ, ನೇಕಾರ ಹೇಮಪ್ಪನ ಮಗ, ಮುಲ್ಕಿ ಪರೀಕ್ಷೆ ಪಾಸು. ಅದು ದಿನವಿಡೀ ಹಾಕುವ ವೇಷ. ಈ ಹೊತ್ತಿನಲ್ಲಿ ಮಾತ್ರ ವೇಷ ಇಲ್ಲ. ಎಷ್ಟು ಹಗುರ!

ಕಿಟಕಿ ಹಾಕಲು ಮರೆತಿದ್ದೆ. ಪಕ್ಕದ ಮನೆಯ ಹನಮಂತವ್ವ ಓಣಿಯಲ್ಲಿ ಕೊಡ ಹೊತ್ತು ನಿಂತಿದ್ದಳು. ರೆಪ್ಪೆ ಬಡಿಯುತ್ತಿರಲಿಲ್ಲ.

ಅಕ್ಟೋಬರ್ ೭

ಓಣಿಗೆಲ್ಲ ಖಬರಾಗಿದೆ.

“ನಿಮ್ಮ ಗದಿಗೆವ್ವ ಬಂದಾಳ. ಹಸಿರ ಸೀರಿ ಉಟ್ಟಕೊಂಡು ಕಿಡಕ್ಯಾಗ ನಿಂತಿದ್ಲು. ಮಾರಿ ಮಾತ್ರ ಬ್ಯಾರೇನ ಆಗೇತಿ,” ಎಂದು ಹನಮಂತವ್ವ.

ಅಪ್ಪ ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ತಿಳಿಯುತ್ತಿತ್ತು. ಅವ್ವ ಸಂಜೆ ಟ್ರಂಕಿನ ಮೇಲೆ ಹಣಿಗೆ, ಎಣ್ಣೆ, ಒಂದು ದಂಡೆ ಸೇವಂತಿಗೆ ಇಟ್ಟಳು.

ಅಕ್ಟೋಬರ್ ೧೩

ಅವ್ವ ಇವತ್ತು ಹೊಸದಾಗಿ ಇಟ್ಟ ಹೂ ಮುಡಿದೆ... ನನಗೆಂದು ಇಟ್ಟದ್ದಲ್ಲ ಎಂದು ಗೊತ್ತಿದ್ದೂ. ಅವ್ವ ಬೇಗ ಬಂದುಬಿಟ್ಟಳು. ಬಾಗಿಲು ತಟ್ಟಲಿಲ್ಲ. ಹೊರಗೇ ನಿಂತು—

“ಗದಿಗೆವ್ವಾ... ಉಂಡೀಯೇನವಾ?”

ನನ್ನ ಬಾಯಿ ತಾನೇ “ಹೂಂ” ಎಂದಿತು. ಅವಳು ಬಿಕ್ಕಿದ್ದು ಕೇಳಿಸಿತು. ಇಷ್ಟು ವರ್ಷದಲ್ಲಿ ನನ್ನನ್ನು ಆ ದನಿಯಲ್ಲಿ ಕರೆದಿಲ್ಲ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ. ಥೂ.

ಅಕ್ಟೋಬರ್ ೧೯

ಇವತ್ತು ಸೀರೆ ಮುಟ್ಟಿಲ್ಲ. ದೇವರಾಣೆ. ಧೋತರ ಉಟ್ಟು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದೆ. ಗೋಡೆಯಾಚೆ ಹನಮಂತವ್ವ ಚೀರಿದಳು.

“ಯವ್ವಾ! ಅಕೀ ಬಂದಾಳ!”

“ನಾನ ಅದೇನಿ ಚಿಗವ್ವ, ಅಂದಪ್ಪ.”

“ಧೋತ್ರ ಉಟ್ಟಕೊಂಡು ಬಂದಾಳ!” ಕೊಡ ಬಿಟ್ಟು ಓಡಿದಳು.

ಮೊದಲು ನಗು ಬಂತು. ಆಮೇಲೆ ಹಂಡೆಯ ನೀರಿನಲ್ಲಿ ನೋಡಿಕೊಂಡೆ. ಅಲ್ಲಿದ್ದವಳು ನಗುತ್ತಿರಲಿಲ್ಲ. ಅಕ್ಕನ ಮುಖವಲ್ಲ. ಅಂದಪ್ಪನದೂ ಅಲ್ಲ. ಹೆದರಿಕೆಯಾಯಿತು, ಆದರೂ ನೋಡುತ್ತಲೇ ನಿಂತೆ.

ಅಕ್ಟೋಬರ್ ೨೪

ಎಲ್ಲಮ್ಮನ ಕೊಡ ಹೊತ್ತು ಜೋಗಪ್ಪ ಬಂದಿದ್ದರು, ಮುಂಡರಗಿ ಕಡೆಯವರು. ಗಂಡಾಗಿ ಹುಟ್ಟಿದವರು, ಈಗ ಸೀರೆ, ಬಳೆ, ಕೊರಳಲ್ಲಿ ದೇವಿಯ ಮುತ್ತು. ಹೆಸರು ಮುತ್ತವ್ವ. ಓಣಿಯವರು ಎದುರಿಗೆ ಕಾಲು ಮುಟ್ಟುತ್ತಾರೆ, ತಿರುವು ದಾಟಿದ ಕೂಡಲೇ ಕಿಸಕ್ಕನೆ ನಗುತ್ತಾರೆ. ಜೋಳ ಹಾಕಲು ಹೋದೆ. ನನ್ನನ್ನೇ ನೋಡಿದರು.

“ಎಲ್ಲಮ್ಮ ತಾಯಿ ಮೈಮ್ಯಾಲ ಬಂದ್ಲು ಅಂತ ಹೇಳಿಬಿಡು. ಮುತ್ತು ಕಟ್ಟಿ ನಮ್ಮ ಕೂಡ ಕಳಸ್ತಾರ. ಸೀರಿ ಉಡಾಕ ಯಾರೂ ಬ್ಯಾಡ ಅನ್ನೂದಿಲ್ಲ.”

“ಯಾರೂ ಬಂದಿಲ್ರಿ. ಮೊದಲಿಂದ ನಾನ ಅದೇನಿ.”

ಮುತ್ತವ್ವ ಜೋಳ ಕಟ್ಟಿಕೊಂಡರು. “ಹಂಗ ಹೇಳಿದ್ರ ಬಿಡೂದಿಲ್ಲವಾ ಇವರು. ದೇವರಿಗೆ ಅಂಜತಾರ, ದೆವ್ವಕ್ಕ ಅಂಜತಾರ. ಬರೇ ಮನಿಷ್ಯಾರು ಅಂದ್ರ ಹೊಡೀತಾರ.” ಕೊಡ ತಲೆಗೇರಿಸಿ ಹೊರಟುಹೋದರು.

ನವೆಂಬರ್ ೧

ಗದಗಿನಲ್ಲಿ ಮೆರವಣಿಗೆ. ನಿನ್ನೆ ನಾವು ಮುಂಬಯಿ ರಾಜ್ಯದವರು, ಇವತ್ತು ಮೈಸೂರು ರಾಜ್ಯದವರು. ಅಪ್ಪನ ಕಣ್ಣಲ್ಲಿ ನೀರು. “ಈಗ ನಮ್ಮ ಮನಿಗೆ ನಾವು ಬಂದ್ವಿ,” ಅಂದ. ಜಿಲ್ಲೆಗೆ ಜಿಲ್ಲೆಯೇ ತಾನು ಯಾರೆಂದು ಕೂಗಿ ಹೇಳಿಕೊಂಡಿತು. ಗಾಳಿ ಬಡಿದಿದೆ ಎಂದು ಯಾರೂ ಅನ್ನಲಿಲ್ಲ!

ಬರುವಾಗ ಅಪ್ಪ ಮೊಳೆ ತಂದಿದ್ದಾನೆ. ನಾಳೆ ದೀಪಾವಳಿ ಅಮಾವಾಸ್ಯೆ, ಮಗ್ಗಕ್ಕೆ ಬಿಡುವು. ಹೊಸ್ತಿಲಿಗೆ ಮೊಳೆ ಬಡಿದರೆ ಸತ್ತವರು ದಾಟಲಾರರಂತೆ. ಅಕ್ಕನ ಸೀರೆಗಳನ್ನೂ ಸುಡುತ್ತಾನಂತೆ. ಅವ್ವ ಉಣ್ಣದೆ ಮಲಗಿದ್ದಾಳೆ. ನನ್ನ ದೆಸೆಯಿಂದ ಅವಳಿಗೆ ಮಗಳು ಎರಡನೇ ಸಲ ಸಾಯುತ್ತಾಳೆ. ಹೇಳಲೇಬೇಕು.

ನವೆಂಬರ್ ೨. ದೀಪ ಹಚ್ಚುವ ಹೊತ್ತು

ಹೇಳಿದೆ. ಹಸಿರು ಸೀರೆ ಉಟ್ಟು, ನಾನು ಬರೆಯುವ ಈ ವಹಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಸ್ತಿಲು ದಾಟಿ ಅಂಗಳದಲ್ಲಿ ನಿಂತೆ. ಅಪ್ಪ ಒಳಗೆ ಸುತ್ತಿಗೆ ಹಿಡಿದು ಕೂತಿದ್ದ.

“ಕಿಡಕ್ಯಾಗ ಕಂಡಾಕಿ ಅಕ್ಕ ಅಲ್ಲ. ನಾನು. ಸಣ್ಣಾಕಿದ್ದಾಗಿಂದ ನಾನು ಹಿಂಗ ಅದೇನಿ.”

ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೂ ಸಹಿಸುತ್ತಿದ್ದೆ. ನನ್ನ ಹಿಂದೆ ಯಾರೋ ನಿಂತಿದ್ದಾರೆ ಎಂಬಂತೆ, ನನ್ನನ್ನು ದಾಟಿ ನೋಡಿದ.

“ನನ್ನ ಮಗನ ಮೈಯಾಗ ಹೊಕ್ಕಾಳ.”

ಮೊಳೆ ಬಡಿದ. ಅವನು ಒಳಗೆ, ನಾನು ಹೊರಗೆ. ಆಮೇಲೆ ಒಂದು ಧೋತರ ಎಸೆದ. “ನೀ ನನ್ನ ಮಗ ಅಂದಪ್ಪ ಇದ್ರ, ಇದನ್ನ ಉಟ್ಟು ಒಳಗ ಬಾ.”

ಬರೀ ಮೊಳೆಗಳು. ಕೂಸು ಕೂಡ ದಾಟುತ್ತದೆ. ದಾಟಿದರೆ ಅಂದಪ್ಪ, ದಾಟದಿದ್ದರೆ ದೆವ್ವ. ಉಟ್ಟ ಸೀರೆಯಲ್ಲೇ ದಾಟಿ ತೋರಿಸೋಣವೆಂದು ಹೋದೆ. ಕಾಲು ಏಳಲಿಲ್ಲ. ಖರೆ, ಏಳಲೇ ಇಲ್ಲ. ನಾನು ಸತ್ತಿದ್ದೇನೆಯೇ ಎಂದು ಕೈ ಚಿವುಟಿ ನೋಡಿಕೊಂಡೆ.

ಕಟ್ಟೆಯ ಮೇಲೆ ಕೂತಿದ್ದೇನೆ. ಓಣಿಯಲ್ಲೆಲ್ಲ ದೀಪ. ನಮ್ಮ ಮನೆಯ ಮುಂದೆ ಯಾರೂ ಹಾಯುತ್ತಿಲ್ಲ, ಸುತ್ತಿ ಹೋಗುತ್ತಿದ್ದಾರೆ. ಈಗಷ್ಟೇ ಅವ್ವ ಬಂದು ಬಾಗಿಲ ಒಳಗೆ ಕೂತಳು. ಊಟದ ತಾಟನ್ನು ಮೊಳೆಗಳ ಮೇಲಿಂದ ದಾಟಿಸಿ ನನ್ನ ಮುಂದಿಟ್ಟಳು. ಮುಖವನ್ನೇ ನೋಡಿದಳು.

“ಅವತ್ತ ಹೂಂ ಅಂದಾಕಿ ನೀನ?”

ತಲೆಯಾಡಿಸಿದೆ.

“ಗದಿಗೆವ್ವ ಬರಲೇ ಇಲ್ಲ ಹಂಗಾರ...” ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಆತು. ಅಂದಪ್ಪ ಅಂತ ಕರದ್ರ ನೀ ಬರಾಂಗಿಲ್ಲ. ಅಕೀ ಹೆಸರಿಲೆ ನಾ ಕರಿಯಾಂಗಿಲ್ಲ. ನಿನಗ ಏನಂತ ಕರೀಲವಾ?”

ಅವಳ ಕೈ ಹೊಸ್ತಿಲಿನ ಈಚೆಗೆ ಚಾಚಿದೆ. ಒಳಗಿನಿಂದ ಅಪ್ಪ ಕೂಗುತ್ತಿದ್ದಾನೆ, ಅವ್ವ ತಿರುಗಿಯೂ ನೋಡುತ್ತಿಲ್ಲ. ನನಗೆ ನಾನೇ ಇಟ್ಟುಕೊಂಡ ಹೆಸರೊಂದಿದೆ. ಈ ವಹಿಯಲ್ಲಿಯೂ ಎಂದೂ ಬರೆದಿಲ್ಲ, ಅಷ್ಟು ಅಂಜಿಕೆ. ಬರೆಯುವುದು ಬಿಟ್ಟು ಬಾಯಿಬಿಟ್ಟೇ ಹೇಳಬೇಕು. ಅವ್ವಾ, ನಾನು