ಅರ್ಜಿದಾರರರರು

ಅಣ್ಣನಿಗೆ,

ನಾನು ಕ್ಷೇಮ. ನೀನು ಕ್ಷೇಮವೇ ಎಂದು ಕೇಳುವುದಿಲ್ಲ, ಮೊನ್ನೆ ಫೋನಿನಲ್ಲಿ ನಿನ್ನ ನಗು ಕೇಳಿದಾಗಲೇ ಅದು ಗೊತ್ತಾಯಿತು. ನಿನ್ನ ಮಗಳು ಟೈಪಿಂಗ್ ಅಭ್ಯಾಸದ ಪರೀಕ್ಷೆಯಲ್ಲಿ ಎಡವಿದ್ದನ್ನು ಹೇಳುತ್ತಾ ನೀನು ನಕ್ಕೆ. "ಅವಳಿಗೂ ಅತ್ತೆ ಕೈಯೇ ಬಂದಿದೆ ಕಣೇ. ಒಂದು ಅಕ್ಷರ ಮೂರು ಮೂರು ಸಲ! ಮನೆಗೆ ಇನ್ನೊಬ್ಬಳು ಅರ್ಜಿದಾರರರರು! ಗಾಬರಿ ಬೀಳಬೇಡ ಅಂತ ನೀನೇ ಒಂದು ಮಾತು ಹೇಳು. ಸೋಮವಾರದ ಪರೀಕ್ಷೆಗೆ ಅವಳಿಗೂ ನಾಲ್ಕನೇ ನಂಬರೇ ಇಟ್ಟಿದೀನಿ." ನಾನು ಹೂಂ ಎಂದು ಫೋನಿಟ್ಟೆ. ಆ ಹೂಂಗುಟ್ಟಿದ್ದನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ನಾಲ್ಕನೇ ನಂಬರು. ನಿನ್ನ ಟೈಪಿಂಗ್ ಶಾಲೆಯ ಆರು ಕಂಪ್ಯೂಟರುಗಳಲ್ಲಿ ಅದೇ ಚೆನ್ನಾಗಿದ್ದದ್ದು. ಉಳಿದವಕ್ಕೆ ಕೀಲಿಗಳ ಮೇಲಿನ ಅಕ್ಷರವೇ ಅಳಿಸಿಹೋಗಿತ್ತು, ಅದಕ್ಕೆ ಮಾತ್ರ ನೀನು ಬಟ್ಟೆಯ ಹೊದಿಕೆ ಹೊಲಿಸಿದ್ದೆ. ಚೆನ್ನಾಗಿತ್ತು ಎಂದೇ ದಿನವಿಡೀ ನೀನು ಅದರ ಮುಂದೆ ಕೂರುತ್ತಿದ್ದೆ, ಚೆನ್ನಾಗಿತ್ತು ಎಂದೇ ಹನ್ನೊಂದು ವರ್ಷದ ಹಿಂದೆ ನನ್ನ ಪರೀಕ್ಷೆಗೆ ಅದನ್ನು ಮೀಸಲಿಟ್ಟೆ. ಪ್ರೀತಿಯಿಂದಲೇ ಇಟ್ಟೆ, ಅದನ್ನು ಅಲ್ಲಗಳೆಯುವಷ್ಟು ಕೆಟ್ಟವಳಲ್ಲ ನಾನು.

ನ್ಯಾಯಾಲಯದ ಬೆರಳಚ್ಚುಗಾರರ ಹುದ್ದೆಯ ಪರೀಕ್ಷೆ ಅದು. ನಿನ್ನ ಶಾಲೆಯೇ ಕೇಂದ್ರ. ವಯಸ್ಸಿನ ಮಿತಿಗೆ ನನಗದು ಕೊನೆಯ ವರ್ಷ. ನಿಮಿಷಕ್ಕೆ ಮೂವತ್ತು ಪದ ಕೇಳಿದ್ದರು, ನಾನು ನಲವತ್ತೈದು ಹೊಡೆಯುತ್ತಿದ್ದೆ. ನೀನೇ ಕಲಿಸಿದವನು. ನಾನು ಹದಿನೆಂಟರವಳಿದ್ದಾಗ ಪರದೆಯ ಮೇಲೆ ಟವೆಲ್ ಹೊದಿಸಿ ಕೂರಿಸುತ್ತಿದ್ದೆಯಲ್ಲ, ನೆನಪಿದೆಯೇ? "ಕಣ್ಣು ಕಾಗದದ ಮೇಲೆ. ಪರದೆ ನೋಡಿದೋಳು ಕೆಟ್ಟಳು. ಕೈಗೆ ಎಲ್ಲಾ ಗೊತ್ತು, ಕೈನ ನಂಬು." ಬೇರೆಯವರಿಗೆ ಇಷ್ಟು ಕಟ್ಟುನಿಟ್ಟು ಮಾಡುತ್ತಿರಲಿಲ್ಲ ನೀನು. ತಂಗಿಯೆಂದು ನನಗೆ ಮಾತ್ರ ಟವೆಲ್.

ಆ ಬೆಳಿಗ್ಗೆ ನಾನು ಕಾಗದವನ್ನೇ ನೋಡುತ್ತಾ ಶುರು ಮಾಡಿದೆ. ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಫ್ಯಾನು ಭರ್ರೆಂದು ಓಡುತ್ತಿತ್ತು, ನನ್ನ ಮೊಣಕಾಲಿಗೆ ಬಿಸಿ ಗಾಳಿ ಹೊಡೆಯುತ್ತಿತ್ತು. ಬೇಸಿಗೆ, ಇರಬಹುದು ಅಂದುಕೊಂಡೆ. ಎರಡನೇ ಪ್ಯಾರಾಕ್ಕೆ ಬಂದಿದ್ದೆ. ನೀನು ಮಿಷನ್ನುಗಳ ಉಸ್ತುವಾರಿಗೆಂದು ಕೋಣೆಯೊಳಗೆ ಓಡಾಡುತ್ತಿದ್ದವನು ನನ್ನ ಬೆನ್ನ ಹಿಂದೆ ನಿಂತೆ. ನಿನ್ನ ಉಸಿರು ನನ್ನ ಕಿವಿಗೆ ತಾಗಿತು. "ಏನೇ ಇದು, ಏನೂ ಬರ್ತಾನೇ ಇಲ್ವಲ್ಲೇ!" ಎಂದೆ.

ಆಗ ನಾನು ಪರದೆ ನೋಡಿದೆ.

"ಮೇಲ್ಕಂಡ ಅರ್ಜಿದಾ" ಎಂಬಲ್ಲಿ ಗೆರೆ ಮಿನುಗುತ್ತಾ ನಿಂತಿತ್ತು. ನಾನು ಟೈಪಿಸಿದ ಆಮೇಲಿನ ಅರ್ಧ ಸಾಲು ಎಲ್ಲೂ ಇಲ್ಲ. ರ ಒತ್ತಿದೆ, ಬರಲಿಲ್ಲ. ಮತ್ತೆ ಒತ್ತಿದೆ. ಇನ್ನೊಮ್ಮೆ. ಒಮ್ಮೆಲೇ ಎಲ್ಲವೂ ದಬದಬನೆ ಬಂದು ಬಿದ್ದವು. ಅಳಿಸೋಣವೆಂದು ಅಳಿಸುವ ಕೀಲಿ ಒತ್ತಿದೆ, ಏನೂ ಅಳಿಯಲಿಲ್ಲ, ಮತ್ತೆ ಮತ್ತೆ ಒತ್ತಿದೆ, ಇದ್ದಕ್ಕಿದ್ದಂತೆ ಸರಿಯಾಗಿದ್ದ ಎರಡು ಸಾಲು ನನ್ನ ಕಣ್ಣೆದುರೇ ಮಾಯವಾದವು. ಆಮೇಲೆ ನನಗೆ ನೆನಪಿರುವುದು ನನ್ನ ಬೆರಳುಗಳು ಮಾತ್ರ. ಅವು ನನ್ನವಲ್ಲವೇನೋ ಎಂಬಂತೆ ಪ್ರತಿ ರಕಾರವನ್ನೂ ಎರಡೆರಡು ಸಲ ಒತ್ತುತ್ತಿದ್ದವು. ಗಂಟೆ ಬಾರಿಸಿದಾಗ ಪರದೆಯ ತುಂಬಾ ಎರಡು ರಕಾರ ಬರಬೇಕಾದ ಕಡೆ ನಾಲ್ಕು ನಾಲ್ಕು. ನಿಮಿಷಕ್ಕೆ ಹದಿನೇಳು ಪದ ಬಂದಿತ್ತು.

ಬಾಗಿಲ ಬಳಿ ಕೂತಿದ್ದ ಮೇಲ್ವಿಚಾರಕರು ಎದ್ದು ಬಂದು ನೋಡಿದರು. ಒಳ್ಳೆಯ ಮನುಷ್ಯ. "ಮಿಷನ್ನೇನಾದ್ರೂ ಕೈಕೊಡ್ತಾ? ಹಾಗಿದ್ರೆ ಬರೆದುಕೊಡಿ, ಮಧ್ಯಾಹ್ನದ ತಂಡದಲ್ಲಿ ಬೇರೆ ಮಿಷನ್ ಮೇಲೆ ಇನ್ನೊಂದ್ಸಲ ಕೂರಿಸ್ತೀನಿ, ನಿಯಮ ಇದೆ" ಎಂದರು. ಅವರು ಕೇಳಿದ್ದು ನಿನ್ನನ್ನು. ನೀನು ನನ್ನ ಕಡೆ ನೋಡಲಿಲ್ಲ. "ಇಲ್ಲ ಸಾರ್, ಮಿಷನ್ ಚೆನ್ನಾಗಿದೆ. ಹುಡುಗಿಗೆ ಸ್ವಲ್ಪ ಗಾಬರಿ." ಅವರು ತಲೆಯಾಡಿಸಿ ಹೋದರು. ನೀನು ನನ್ನ ಹೆಗಲ ಮೇಲಿಂದ ಬಾಗಿ ಮೌಸ್ ಹಿಡಿದೆ. ಟಕ್, ಟಕ್, ಟಕ್. ಒಂಬತ್ತು ಸಲ. ಯಾಕೆ ಎಣಿಸಿದೆನೋ ಗೊತ್ತಿಲ್ಲ, ತಲೆ ತಗ್ಗಿಸಿ ಕೂತವಳಿಗೆ ಎಣಿಸುವುದಕ್ಕೆ ಬೇರೇನೂ ಇರಲಿಲ್ಲ. ಒಂಬತ್ತನೆಯದಾದ ಮೇಲೆ ಫ್ಯಾನಿನ ಸದ್ದು ಇಳಿಯುತ್ತಾ ಬಂದು ನಿಂತಿತು. "ಹೋಗು, ಮುಖ ತೊಳ್ಕೊ" ಎಂದೆ. ಕಂಪ್ಯೂಟರ್ ಆರಿಸಿದ್ದೀಯ ಅಂದುಕೊಂಡೆ ನಾನು. ಆದರೆ ಬಾಗಿಲಿಂದ ತಿರುಗಿ ನೋಡಿದಾಗ ಪರದೆ ಉರಿಯುತ್ತಲೇ ಇತ್ತು.

ಆಮೇಲೆ ನಾನು ಕೀಲಿಮಣೆ ಮುಟ್ಟಲಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ ಹಿಡಿದೆ, ಚೀಟಿಗಳನ್ನು ಕೈಯಲ್ಲೇ ಬರೆದೆ. ನೀನು ಮಾತ್ರ ಆ ಪದವನ್ನು ಬಿಡಲಿಲ್ಲ. ಊಟಕ್ಕೆ ಕೂತಾಗ ನಾನು ಎರಡನೇ ಸಲ ನೀರು ಕೇಳಿದರೆ ಅರ್ಜಿದಾರರರರು. ನೆಂಟರ ಮುಂದೆ ಮಾತು ತೊದಲಿದರೆ ಅರ್ಜಿದಾರರರರು. ಆಗ ಎಂಟು ವರ್ಷದವಳಾಗಿದ್ದ ನಿನ್ನ ಮಗಳು ಅದನ್ನು ಕಲಿತು ನನ್ನ ಸುತ್ತ ಕುಣಿದಳು, ನಾನೂ ನಕ್ಕೆ. ನಗದೆ ಏನು ಮಾಡಲಿ? ತಪ್ಪು ನನ್ನ ಕೈಯದೇ ಎಂದು ನಾನೂ ನಂಬಿದ್ದೆ. ಸೂಜಿಗೆ ದಾರ ಪೋಣಿಸುವಾಗ ಬೆರಳು ತಪ್ಪಿದರೂ ನೋಡು, ಅದೇ ಕೈ, ಎಂದುಕೊಳ್ಳುತ್ತಿದ್ದೆ.

ಕಳೆದ ತಿಂಗಳು ಗೋದಾಮಿನವರು ನನ್ನ ಮೇಜಿಗೂ ಒಂದು ಕಂಪ್ಯೂಟರ್ ತಂದಿಟ್ಟರು. ಬೇಡವೆಂದರೂ ಕೇಳಲಿಲ್ಲ. ಮೂರನೇ ದಿನ ಫ್ಯಾನು ಭರ್ರೆಂದಿತು, ಅಕ್ಷರ ನಿಂತುಹೋಯಿತು, ನಾನು ಕೀಲಿಮಣೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡೆ. ರಿಪೇರಿಯವಳು ಬಂದಳು. ನನ್ನದೇ ವಯಸ್ಸಿನವಳು, ಕಿವಿಯ ಮೇಲೆ ಪೆನ್ನಿನ ಬದಲು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದಳು. ಅವಳು ಕೇಳುವ ಮೊದಲೇ "ನನ್ನ ಕೈಯೇ ಸರಿಯಿಲ್ಲ" ಎಂದೆ. ಅವಳು ಮೂರು ಕೀಲಿ ಒಟ್ಟಿಗೆ ಒತ್ತಿ ಒಂದು ಪಟ್ಟಿ ತೆರೆದಳು. ಮೊದಲ ಸಾಲಿನಲ್ಲಿ ಬ್ರೌಸರ್, ಪಕ್ಕದಲ್ಲಿ ತೊಂಬತ್ತಾರು.

"ಕೈಗೇನಾಗಿದೆ ಅಕ್ಕಾ, ಚೆನ್ನಾಗೇ ಇದೆ. ಈ ಕಂಪ್ಯೂಟರಿಗೆ ಇರೋದು ಒಂದೇ ತಲೆ. ನೂರರಲ್ಲಿ ತೊಂಬತ್ತಾರು ಪಾಲು ಬ್ರೌಸರೇ ತಿಂತಾ ಕೂತಿದೆ. ಮೊದಲು ಇಲ್ಲಿ ಕೂತಿದ್ದೋರು ಇಪ್ಪತ್ತು ಪುಟ ತೆರೆದು ಕೆಳಗೆ ಇಳಿಸಿ ಹೋಗಿದಾರೆ. ಇಳಿಸಿದ್ರೆ ಮುಚ್ಚಿದ ಹಾಗಲ್ಲ, ಕಾಣಲ್ಲ ಅಷ್ಟೇ, ಒಳಗೆ ಓಡ್ತಾನೇ ಇರುತ್ತೆ. ನೀವು ಒತ್ತಿದ ಅಕ್ಷರ ಎಲ್ಲೂ ಹೋಗಲ್ಲ, ಸರದೀಲಿ ನಿಂತಿರುತ್ತೆ. ಸುಮ್ನೆ ಟೈಪ್ ಮಾಡ್ತಾ ಹೋಗಿದ್ರೆ ಎಲ್ಲಾ ಸರಿಯಾಗೇ ಬಂದಿರೋದು, ತಡವಾಗಿ." ಹೀಗೆನ್ನುತ್ತಾ ಒಂದೊಂದೇ ಮುಚ್ಚಿದಳು. ಟಕ್, ಟಕ್, ಟಕ್. ಫ್ಯಾನು ಸುಮ್ಮನಾಯಿತು.

ಆ ಸುಮ್ಮನಾಗುವ ಸದ್ದು ನನಗೆ ಗೊತ್ತಿತ್ತು ಅಣ್ಣ. ನಾನು ಅಲ್ಲೇ ಅತ್ತುಬಿಟ್ಟೆ. ಪಾಪ, ತಾನೇನು ತಪ್ಪಾಡಿದೆನೋ ಎಂದು ರಿಪೇರಿಯವಳು ಗಾಬರಿಯಾದಳು.

ಕ್ರಿಕೆಟ್ ಸ್ಕೋರು ತಾನಾಗಿ ಬದಲಾಗುವ ಪುಟವೊಂದನ್ನು ನೀನು ಯಾವತ್ತೂ ಮುಚ್ಚುತ್ತಿರಲಿಲ್ಲ. ಹಳೆಯ ಹಾಡಿನ ವಿಡಿಯೋ ಅರ್ಧಕ್ಕೆ ನಿಲ್ಲಿಸಿಡುತ್ತಿದ್ದೆ. ಸ್ಕೂಟರಿನ ಜಾಹೀರಾತು, ರೈಲಿನ ವೇಳೆ, ಇನ್ನೇನೇನೋ. "ಇರಲಿ ಬಿಡು, ಮತ್ತೆ ಯಾರು ಹುಡುಕ್ತಾರೆ" ಎನ್ನುತ್ತಿದ್ದೆ. ಒಂಬತ್ತು ಪುಟ. ನೀನು ಮರೆತು ಬಿಟ್ಟಿದ್ದೆ, ನಾನು ಒಪ್ಪಿದೆ. ಮರೆವಿಗೆ ನಾನು ಹನ್ನೊಂದು ವರ್ಷ ಸಿಟ್ಟು ಇಟ್ಟುಕೊಳ್ಳುವವಳಲ್ಲ. ಆದರೆ ಮೇಲ್ವಿಚಾರಕರು ಕೇಳಿದಾಗ ನಿನಗೆ ಅನುಮಾನ ಬಂದಿತ್ತು. ಇಲ್ಲದಿದ್ದರೆ ಅವರು ಬೆನ್ನು ತಿರುಗಿಸಿದ ಕೂಡಲೇ ಮೌಸ್ ಯಾಕೆ ಹಿಡಿದೆ? ಒಂಬತ್ತನೆಯದು ಮುಚ್ಚಿದಾಗ ಅನುಮಾನವೂ ಉಳಿಯಲಿಲ್ಲ. ಅವರಿನ್ನೂ ವರಾಂಡದಲ್ಲೇ ಇದ್ದರು. ಕರೆಯಬಹುದಿತ್ತು. ಮಿಷನ್ ಕೆಟ್ಟಿತ್ತೆಂದು ಬರೆದುಕೊಟ್ಟರೆ ಪರೀಕ್ಷಾ ಕೇಂದ್ರ ಕೈತಪ್ಪುತ್ತದೆಂದು ಹೆದರಿದೆ, ಅಲ್ಲವೇ? ಕೇಂದ್ರ ಉಳಿಯಿತು. ಬೋರ್ಡಿನಲ್ಲಿ ಇವತ್ತಿಗೂ ಇದೆ.

ಪರದೆ ನೋಡಿದ್ದು ನನ್ನ ತಪ್ಪು, ಅದನ್ನೂ ಬರೆಯುತ್ತೇನೆ. ಟವೆಲ್ ಹೊದಿಸಿ ಕಲಿಸಿದವನ ಮಾತನ್ನು ಕೇಳಿದ್ದರೆ ಪಾಸಾಗುತ್ತಿದ್ದೆ. ಆದರೆ ಪರದೆ ನೋಡುವಂತೆ ಮಾಡಿದ್ದೂ ಅವನೇ.

ಈಗ ಅದೇ ನಾಲ್ಕನೇ ನಂಬರಿನ ಮುಂದೆ ನಿನ್ನ ಮಗಳು. ಮಿಷನ್ ಹೊಸದಿರಬಹುದು, ಅದರ ಮುಂದೆ ದಿನವಿಡೀ ಕೂರುವವನು ಹಳಬನೇ. ಅವಳಿಗೆ ಅತ್ತೆಯ ಕೈ ಬಂದಿಲ್ಲ. ಅಪ್ಪನ ಬ್ರೌಸರ್ ಬಂದಿದೆ.

ನನಗೆ ನಿನ್ನ ಕ್ಷಮಾಪಣೆ ಬೇಡ, ಅದನ್ನಿಟ್ಟುಕೊಂಡು ನಾನು ಏನು ಮಾಡಲಿ? ಒಂದೇ ಅರ್ಜಿ. ಅವಳನ್ನು ಕೂರಿಸಿಕೊಂಡು ಆ ದಿನದ್ದೆಲ್ಲ ನಿನ್ನ ಬಾಯಿಂದ ಹೇಳು, ಒಂಬತ್ತು ಟಕ್ಕುಗಳನ್ನೂ ಸೇರಿಸಿ. ಶುರು ಮಾಡುವ ಮೊದಲು ಎಲ್ಲ ಮುಚ್ಚಿಕೊಳ್ಳಲಿ, ಅಕ್ಷರ ನಿಂತರೂ ಕೈ ನಿಲ್ಲಿಸದಿರಲಿ, ಬೆನ್ನ ಹಿಂದೆ ಯಾರು ಏನೆಂದರೂ ಕಾಗದ ಬಿಟ್ಟು ಕಣ್ಣೆತ್ತದಿರಲಿ. ಈ ಪತ್ರದ ಇನ್ನೊಂದು ಪ್ರತಿ ಅವಳ ವಿಳಾಸದ ಲಕೋಟೆಯಲ್ಲಿ ನನ್ನ ಕೈಚೀಲದಲ್ಲಿದೆ. ಭಾನುವಾರ ಬೆಳಿಗ್ಗೆ ಅವಳಿಗೆ ಫೋನ್ ಮಾಡಿ, ಅಪ್ಪ ಏನಾದರೂ ಹೇಳಿದರಾ ಎಂದಷ್ಟೇ ಕೇಳುತ್ತೇನೆ. ಇಲ್ಲವೆಂದರೆ ಮಧ್ಯಾಹ್ನದ ಬಸ್ಸಿಗೆ ನಾನೇ ಬಂದು ಲಕೋಟೆ ಅವಳ ಕೈಗೆ ಕೊಡುತ್ತೇನೆ.

ಇಲ್ಲಿಂದ ಮುಂದಿನದು ಪೆನ್ನಿನಲ್ಲಿ. ಮೇಲಿನದನ್ನೆಲ್ಲ ಮೊದಲು ಕೈಯಲ್ಲಿ ಬರೆದು, ಆ ಹಾಳೆ ಪಕ್ಕಕ್ಕಿಟ್ಟುಕೊಂಡು ಗೋದಾಮಿನ ಕಂಪ್ಯೂಟರಿನಲ್ಲಿ ಟೈಪಿಸಿದೆ. ಟೈಪಿಸುವ ಮುನ್ನ ಬೇಕೆಂದೇ ಬ್ರೌಸರಿನಲ್ಲಿ ಇಪ್ಪತ್ತು ಪುಟ ತೆರೆದು ಕೆಳಗಿಳಿಸಿದ್ದೆ. ಫ್ಯಾನು ಬಾಯಿ ಬಡಿದುಕೊಳ್ಳುತ್ತಿತ್ತು. ಪರದೆಯ ಮೇಲೆ ನನ್ನ ಟವೆಲ್ ಹೊದಿಸಿದ್ದೆ. ಕೊನೆಗೆ ಟವೆಲ್ ತೆಗೆದಾಗ ಅಕ್ಷರಗಳು ಇನ್ನೂ ಬರುತ್ತಲೇ ಇದ್ದವು, ತಡವಾಗಿ, ಸಾಲಾಗಿ. ಕೈಕಟ್ಟಿ ಕೂತು ನೋಡಿದೆ. ಒಂದನ್ನೂ ತಿದ್ದಿಲ್ಲ.

ನೀನು ದೊಡ್ಡವನು, ನಿನ್ನನ್ನು ನಾನು ಹರಸುವಂತಿಲ್ಲ, ಇವತ್ತು ಮನಸ್ಸೂ ಇಲ್ಲ. ಹರಕೆಯೆಲ್ಲ ನಿನ್ನ ಮಗಳ ಹತ್ತು ಬೆರಳಿಗೆ. ಅವು ನಡುಗದಿರಲಿ.

ಇಂತಿ ನಿನ್ನ ತಂಗಿ,
ಅರ್ಜಿದಾರರು
(ಕೊನೆಗೆ ರಕಾರ ಎರಡೇ. ಎಣಿಸಿಕೊ.)