ಏಳು ತಿಂಗಳ ಕೂಸಿನ ಉಗುರು

ಮಾರ್ಚ್ ೧೪, ಮಂಗಳವಾರ

ಧೂಳಿಗೆ ಮೂಗು ಇನ್ನೂ ಸೋರ್ತಿದೆ, ಆದರೂ ಖುಷಿ ತಡೆಯೋಕಾಗ್ತಿಲ್ಲ. ಅನಾಥಾಲಯದ ಹಳೇ ದಾಖಲಾತಿ ಪುಸ್ತಕದಲ್ಲಿ ಕೊನೆಗೂ ತಾತ ಸಿಕ್ಕಿಬಿಟ್ಟ. ತಂದೆ ಹೆಸರಿನ ಜಾಗದಲ್ಲಿ ಒಂದು ಗೀಟು, ತಾಯಿ ಹೆಸರಿನ ಜಾಗದಲ್ಲಿ ಇನ್ನೊಂದು. ಅದು ಗೊತ್ತಿದ್ದದ್ದೇ. "ಮದುವೆಯಿಲ್ಲದೆ ಹುಟ್ಟಿದವನು ನಾನು, ಹುಟ್ಟಿದ ದಿನವೇ ಬಿಸಾಕಿ ಹೋದರು" ಅಂತ ತಾತ ಸಾಯೋವರೆಗೂ ಹೇಳ್ತಿದ್ದ.

ಸುಳ್ಳು! ಅದರ ಕೆಳಗೇ ಅಲ್ಲಿನ ಮೇಲ್ವಿಚಾರಕಿ ಬರೆದಿದ್ದಾಳೆ: "ಗಂಡು ಮಗು. ವಯಸ್ಸು ಸುಮಾರು ಏಳು ತಿಂಗಳು. ಎರಡು ಹಲ್ಲು ಬಂದಿವೆ. ಮೈ ತುಂಬಿಕೊಂಡಿದೆ. ಬರುವಾಗಲೇ ಉಗುರು ಕತ್ತರಿಸಲಾಗಿತ್ತು."

ಏಳು ತಿಂಗಳು ಯಾರೋ ಅವನನ್ನ ಎತ್ತಿ ಆಡಿಸಿದ್ದಾರೆ. ಬಿಟ್ಟು ಹೋಗೋ ಮುಂಚೆ ಕೂತು ಉಗುರು ಕತ್ತರಿಸಿದ್ದಾರೆ. ಆ ವಯಸ್ಸಲ್ಲಿ ನನ್ನ ಮಗಳ ಉಗುರು ಕತ್ತರಿಸೋಕೆ ನಮ್ಮನೇಲಿ ಮೂರು ಜನ ಬೇಕಿತ್ತು.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ತಾತನ ಮಗನೇ ಆದರೂ ಈ ಹುಡುಕಾಟ ಅಂದ್ರೆ ಮುಖ ಗಂಟು ಹಾಕ್ಕೋತಾರೆ. "ಮುಗಿದದ್ದನ್ನ ಯಾಕೆ ಕೆದಕ್ತೀಯಾ?" ಅಂತ ಶುರು ಮಾಡಿದರು. ನಾನು ಆ ಸಾಲುಗಳನ್ನ ಓದಿದೆ.

ಅಪ್ಪ ಕೇಳಿದರು, "ಕಾಲಿಂದೂ ಕತ್ತರಿಸಿದ್ರಂತಾ?"

"ಅದು ಬರೆದಿಲ್ಲ ಅಪ್ಪಾ."

"ಕತ್ತರಿಸಿರ್ತಾಳೆ ಬಿಡು," ಅಂದರು, "ನಮ್ಮಜ್ಜಿ."